ನಾಯಿಮರಿಯ ಹಲ್ಲಿನಿಂದ ಮನೆ ಉಳಿಸಿಕೊಳ್ಳುವುದು ಹೇಗೆ

ಮರಿ ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ಜಗಲಿಯ ಚಪ್ಪಲಿ, ಚಾವಡಿಯ ಬೆಂಚಿನ ಕಾಲು, ಟೇಬಲ್ ಫ್ಯಾನಿನ ವಯರು, ಅಜ್ಜನ ಕೊಡೆಯ ಹಿಡಿ ಎಲ್ಲದರ ಮೇಲೂ ಹಲ್ಲಿನ ಗುರುತು ಮೂಡಿರುತ್ತದೆ. ನಮ್ಮ ಮಂಗಳೂರು-ಉಡುಪಿ ಕಡೆ ಆಗ ಸಿಗುವ ಮೊದಲ ಸಲಹೆ ‘ಕಟ್ಟಿ ಹಾಕಿ’, ಎರಡನೆಯದು ‘ಎರಡು ಬಾರಿಸಿ, ಸರಿಯಾಗ್ತದೆ’. ಎರಡರಿಂದಲೂ ಸರಿಯಾಗುವುದಿಲ್ಲ. ಕಟ್ಟಿದ ಮರಿ ಸರಪಳಿಯನ್ನೇ ಕಡಿಯುತ್ತದೆ, ಪೆಟ್ಟು ತಿಂದ ಮರಿ ನೀವಿಲ್ಲದ ಹೊತ್ತು ನೋಡಿ ಕಡಿಯುತ್ತದೆ. ಕಡಿಯುವುದು ಅದಕ್ಕೆ ನಿದ್ದೆ, ಹಸಿವಿನಷ್ಟೇ ಬೇಕಾದದ್ದು. ಹಾಗಾಗಿ ಕಡಿಯಲೇಬಾರದು ಎಂಬ ಹಟ ಬಿಟ್ಟು, ಏನನ್ನು ಕಡಿಯಬಹುದು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಮನೆಯವರೆಲ್ಲ ಸೇರಿ ಗೊತ್ತು ಮಾಡಿಕೊಂಡರೆ ಪೀಠೋಪಕರಣವೂ ಉಳಿಯುತ್ತದೆ, ಮರಿಯೂ ನೆಮ್ಮದಿಯಾಗಿರುತ್ತದೆ.

ಎಷ್ಟು ಕಾಲ ಹೀಗೆ?

ನಾಯಿಮರಿಗೆ 28 ಹಾಲುಹಲ್ಲು. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಸಣ್ಣ ಹಲ್ಲುಗಳಿಂದ ಶುರುವಾಗಿ ಅವು ಒಂದೊಂದಾಗಿ ಬಿದ್ದು, ಏಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲುಗಳು ಬಂದಿರುತ್ತವೆ. ಈ ನಡುವೆ ಒಸಡು ಊದಿ ತುರಿಸುತ್ತದೆ, ನೋಯುತ್ತದೆ. ಆಟಿಕೆಯ ಮೇಲೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಬಿದ್ದ ಹಲ್ಲನ್ನು ಹೆಚ್ಚಿನ ಮರಿಗಳು ನುಂಗಿಬಿಡುತ್ತವೆ, ಅದರಿಂದಲೂ ತೊಂದರೆಯಿಲ್ಲ. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯದೂ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಬೇಕು.

ಹಲ್ಲು ಪೂರ್ತಿ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡವರೇ ಹೆಚ್ಚು ಕಂಗೆಡುವುದು. ಏಳೆಂಟು ತಿಂಗಳಿಂದ ಒಂದು, ಒಂದೂವರೆ ವರ್ಷದವರೆಗೆ ಇನ್ನೊಂದು ಸುತ್ತು ಇದೆ. ಈಗ ದವಡೆಯಲ್ಲಿ ಬಲ ಇದೆ, ಮೈಯಲ್ಲಿ ಕಸುವು ಇದೆ, ಮಾಡಲು ಕೆಲಸ ಇಲ್ಲ. ಚಪ್ಪಲಿಗಷ್ಟೇ ನಿಂತಿದ್ದ ಮರಿ ಸೋಫಾಕ್ಕೆ ಬಾಯಿ ಹಾಕುವುದು ಈ ಪ್ರಾಯದಲ್ಲೇ. ಬೇಟೆಯಾಡಿದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರಲೆಂದೇ ಬೆಳೆಸಿದ ತಳಿ ಲ್ಯಾಬ್ರಡಾರ್, ಅದಕ್ಕೆ ಬಾಯಿ ಖಾಲಿ ಇದ್ದರೆ ಸಮಾಧಾನವಿಲ್ಲ. ಊರ ನಾಯಿಮರಿಗಳೂ ಕಡಿಯುತ್ತವೆ. ಆದ್ದರಿಂದ ಈ ಕ್ರಮವನ್ನು ವರ್ಷ ತುಂಬುವವರೆಗೆ ಬಿಡದೆ ನಡೆಸುವ ಮನಸ್ಸು ಮಾಡಿಕೊಂಡೇ ಶುರುಮಾಡಿ.

ಮೊದಲು ನೆಲದ ಮೇಲೆ ಕುಳಿತುಕೊಳ್ಳಿ

ಒಂದು ಸಂಜೆ ಮನೆಯ ಪ್ರತಿ ಕೋಣೆಯಲ್ಲೂ ನೆಲದ ಮೇಲೆ ಕುಳಿತು ಸುತ್ತ ನೋಡಿ. ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ. ಮೊಬೈಲ್ ಚಾರ್ಜರು, ಇನ್‌ವರ್ಟರಿನ ವಯರು, ಮಂಚದಡಿಯ ಸೊಳ್ಳೆಬತ್ತಿ, ಕಪಾಟಿನ ಕೆಳಗೆ ಉರುಳಿಹೋದ ಮಾತ್ರೆ. ವಯರನ್ನು ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ ಗೋಡೆಗೆ ಕೂರಿಸಿ, ಆಗದಿದ್ದರೆ ಬಳಸದಾಗ ಪ್ಲಗ್ಗಿನಿಂದ ಕಿತ್ತು ಮೇಲಿಡಿ. ಮೇನ್ ಬೋರ್ಡಿನಲ್ಲಿ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್ಚು, ಇಲ್ಲದಿದ್ದರೆ ಇದೇ ನೆಪದಲ್ಲಿ ಹಾಕಿಸಿಕೊಳ್ಳಿ. ಮಳೆಗಾಲದ ತೇವದಲ್ಲಿ ಅದು ಮನುಷ್ಯರಿಗೂ ಬೇಕು.

ಚಪ್ಪಲಿಯ ವಿಚಾರ ಬೇರೆಯಾಗಿಯೇ ಹೇಳಬೇಕು. ನಮ್ಮ ಮನೆಗಳಲ್ಲಿ ಚಪ್ಪಲಿ ಬಿಡುವುದು ಬಾಗಿಲ ಹೊರಗೆ, ಮರಿ ಮಲಗುವುದೂ ಅಲ್ಲೇ. ಬೆವರು, ಚರ್ಮ, ಮನೆಯವರ ವಾಸನೆ, ಮೆತ್ತಗಿನ ರಬ್ಬರು ಎಲ್ಲ ಅದರಲ್ಲಿದೆ. ಇದಕ್ಕಿಂತ ಒಳ್ಳೆಯ ಆಟಿಕೆ ಮರಿಗೆ ಬೇಕೇ? ಬಾಗಿಲಿರುವ ಚಪ್ಪಲಿ ಗೂಡೊಂದನ್ನು ಮಾಡಿಸಿ, ಅಥವಾ ಎದೆಯೆತ್ತರಕ್ಕೆ ಹಲಗೆ ಹೊಡೆಸಿ. ಮನೆಗೆ ಬಂದ ನೆಂಟರಿಗೂ ಅಲ್ಲೇ ಇಡಲು ಹೇಳಿ. ‘ಪಾಪ, ಅದು ಹಳೇ ಚಪ್ಪಲಿ ಅಲ್ವಾ, ಕಡಿಯಲಿ ಬಿಡು ಮಗಾ’ ಎಂದು ಅಜ್ಜಿ ಹೇಳಿದರೆ ಮೆಲ್ಲಗೆ ತಿಳಿಸಿ ಹೇಳಿ: ಹಳೇ ಚಪ್ಪಲಿ, ಹೊಸ ಚಪ್ಪಲಿ ಎಂಬ ಭೇದ ಮರಿಗೆ ಇಲ್ಲ. ಒಂದನ್ನು ಕೊಟ್ಟರೆ ಎಲ್ಲವನ್ನೂ ಕೊಟ್ಟಂತೆ. ಹಳೆಯ ಬಟ್ಟೆ, ಹರಿದ ಸಾಕ್ಸು, ಸವೆದ ಹಿಡಿಸೂಡಿಗೂ ಇದೇ ಮಾತು.

ಇನ್ನು ವಿಷ. ತೋಟದ ಮನೆಗಳಲ್ಲಿ ಮೊದಲು ಹೆದರಬೇಕಾದದ್ದು ಅಡಿಕೆಗೆ. ಅಂಗಳದಲ್ಲಿ ಒಣಗಲು ಹರವಿದ ಅಡಿಕೆ ಮರಿಗೆ ಉರುಳಾಡುವ ಚೆಂಡು. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶದ ಲವಣವನ್ನು ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳು ಬೀಳಿಸಲು ಔಷಧಿಯಾಗಿ ಕೊಡುತ್ತಿದ್ದರು. ಜೊಲ್ಲು, ವಾಂತಿ, ಭೇದಿ ಜೋರಾಗುತ್ತದೆಂದು, ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳು ಬಂದ ಮೇಲೆ ಅದು ಬಳಕೆಯಿಂದ ಹೋಯಿತು. ಅಳತೆಯಿಟ್ಟು ಕೊಟ್ಟರೇ ಹಾಗೆ, ಇನ್ನು ಹತ್ತು ಕಿಲೋ ತೂಗದ ಮರಿ ಅಡಿಕೆಯನ್ನು ಅಗಿದು ನುಂಗಿದರೆ ಏನಾದೀತು ಯೋಚಿಸಿ. ಅಡಿಕೆ ಇಡಿಯಾಗಿ ಹೋದರೆ ಕರುಳಿಗೆ ಅಡ್ಡ ಬರುವ ಭಯ ಬೇರೆ. ಅಂಗಳಕ್ಕೆ ಬಲೆ ಕಟ್ಟಿ, ಅಥವಾ ಅಡಿಕೆ ಒಣಗುವಷ್ಟು ದಿನ ಮರಿಯನ್ನು ಹಿತ್ತಲ ಕಡೆ ಬಿಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನೂ ಮರಿಗೆ ಕಡಿಯಲು ಕೊಡಬಾರದು, ಅದರ ಮೇಲೆ ಮೈಲುತುತ್ತು ಕೂತಿರುತ್ತದೆ.

ದೇವರ ಹೂವಿಗೆಂದು ನೆಟ್ಟ ಕಣಗಿಲೆ ಹೃದಯವನ್ನು ನಿಲ್ಲಿಸಬಲ್ಲ ಗಿಡ. ಅಂದಕ್ಕೆಂದು ಗೇಟಿನ ಬಳಿ ಇಟ್ಟ ಸೈಕಾಸ್ ಗಿಡದ ಬೀಜ ಲಿವರನ್ನು ಕೆಡಿಸುತ್ತದೆ. ಮನಿಪ್ಲಾಂಟ್, ಡೈಫನ್‌ಬೇಕಿಯಾ ಕಡಿದರೆ ಬಾಯಿ ಉರಿದು ಊದುತ್ತದೆ. ಇಲಿಪಾಷಾಣ, ನುಸಿಗುಳಿಗೆ, ಪ್ಯಾರಾಸಿಟಮಾಲ್ ಮಾತ್ರೆ, ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆರಹಿತ ಚೂಯಿಂಗ್ ಗಮ್ ಎಲ್ಲ ಮೇಲಿನ ಕಪಾಟಿಗೆ ಹೋಗಲಿ. ಬೇಸಿಗೆಯಲ್ಲಿ ಮಾವಿನ ಗೊರಟು ಮತ್ತು ಹಲಸಿನ ಬೀಜದ ಮೇಲೆ ಕಣ್ಣಿಡಿ. ಚೀಪಿ ಎಸೆದ ಗೊರಟು ಸಣ್ಣ ನಾಯಿಯ ಕರುಳಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.

ಮರಿಗೆ ತನ್ನದೇ ಒಂದು ಜಾಗ

ಇಡೀ ಮನೆಯನ್ನು ಮರಿಗೆ ಬಿಟ್ಟು ಆಮೇಲೆ ಒಂದೊಂದೇ ಜಾಗದಿಂದ ಓಡಿಸುವುದಕ್ಕಿಂತ, ಸಣ್ಣ ಜಾಗದಿಂದ ಶುರುಮಾಡಿ ಮೆಲ್ಲಮೆಲ್ಲಗೆ ದೊಡ್ಡದು ಮಾಡುವುದು ಸುಲಭ. ಚಾವಡಿಯ ಒಂದು ಮೂಲೆ, ಅಡುಗೆಮನೆಯ ಪಕ್ಕದ ಸಣ್ಣ ಕೋಣೆ, ಫ್ಲ್ಯಾಟ್ ಆದರೆ ಗಾಳಿ ಬರುವ ಹಾಲಿನ ಬದಿ ಸಾಕು. ಮಡಚುವ ಕಂಬಿ ಬೇಲಿ ಅಂಗಡಿಯಲ್ಲಿ ಸಿಗುತ್ತದೆ. ಊರಿನ ಬಡಗಿಯಿಂದ ಬಾಗಿಲಿಗೆ ಅರ್ಧ ಎತ್ತರದ ಗೇಟು ಮಾಡಿಸಿದರೂ ಆಯಿತು. ಒಳಗೆ ಹಾಸಿಗೆ, ನೀರು, ಕಡಿಯುವ ವಸ್ತು. ಯಾರೂ ಮರಿಯ ಮೇಲೆ ಕಣ್ಣಿಡಲಾಗದ ಹೊತ್ತಿನಲ್ಲಿ, ಅಂದರೆ ಅಡುಗೆ, ಸ್ನಾನ, ಮಕ್ಕಳ ಓದಿನ ಹೊತ್ತಿನಲ್ಲಿ ಅದು ಅಲ್ಲಿರಲಿ.

ಈ ಜಾಗ ಶಿಕ್ಷೆಯ ಜಾಗ ಆಗಬಾರದು. ದಿನದ ಊಟಗಳೆಲ್ಲ ಅಲ್ಲೇ ನಡೆಯಲಿ, ಮೊದಲ ದಿನಗಳಲ್ಲಿ ನೀವೂ ಪಕ್ಕದಲ್ಲಿ ಕುಳಿತಿರಿ. ಮೂರು ತಿಂಗಳ ಮರಿಯನ್ನು ಮೂರು ಗಂಟೆಗಿಂತ ಹೆಚ್ಚು ಹೊತ್ತು ಹೀಗೆ ಬಿಡಬೇಡಿ, ಅದಕ್ಕೆ ಮೂತ್ರ ತಡೆಯಲಾಗುವುದಿಲ್ಲ. ನಮ್ಮಲ್ಲಿ ಅನೇಕ ಕಡೆ ನಾಯಿಯನ್ನು ಬೆಳಗ್ಗೆ ಗೂಡಿಗೆ ಹಾಕಿ ರಾತ್ರಿ ಬಿಡುವ ರೂಢಿ ಇದೆ. ಬೆಳೆಯುವ ಮರಿಗೆ ಇದು ದೊಡ್ಡ ಅನ್ಯಾಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹನ್ನೆರಡು ಗಂಟೆ ಸುಮ್ಮನೆ ಕೂರಿಸಿದ ಜೀವ ಬಿಟ್ಟ ಕೂಡಲೇ ಸಿಕ್ಕಿದ್ದೆಲ್ಲ ಹರಿಯುವುದರಲ್ಲಿ ಆಶ್ಚರ್ಯವೇನಿದೆ?

ನಿದ್ದೆಯ ಲೆಕ್ಕವನ್ನೂ ಇಡಿ. ಮರಿಗೆ ದಿನಕ್ಕೆ ಹದಿನಾರು, ಹದಿನೆಂಟು ಗಂಟೆ ನಿದ್ದೆ ಬೇಕು. ಸಂಜೆ ಏಳರ ಹೊತ್ತಿಗೆ ಹುಚ್ಚು ಹಿಡಿದಂತೆ ಓಡುತ್ತಾ ಪರದೆ, ಪ್ಯಾಂಟು, ಕಾಲುಗಂಟು ಎಲ್ಲಕ್ಕೂ ಬಾಯಿ ಹಾಕುವ ಮರಿಗೆ ಹೆಚ್ಚಾಗಿ ಬೇಕಾಗಿರುವುದು ಇನ್ನಷ್ಟು ಆಟವಲ್ಲ, ಒಂದು ಗಂಟೆ ಕತ್ತಲು ಮತ್ತು ಮೌನ.

ಕಡಿಯಲು ಏನು ಕೊಡಬೇಕು

ಇದರಲ್ಲಿ ಕಂಜೂಸುತನ ಮಾಡಬೇಡಿ. ಒಂದು ಸೋಫಾದ ಹೊದಿಕೆ ಬದಲಿಸುವ ಹಣದಲ್ಲಿ ವರ್ಷಕ್ಕೆ ಸಾಕಾಗುವಷ್ಟು ಆಟಿಕೆ ಬರುತ್ತದೆ.

ಮೊದಲನೆಯದು ಒಳಗೆ ಟೊಳ್ಳಿರುವ ಗಟ್ಟಿ ರಬ್ಬರಿನ ಆಟಿಕೆ. ಕಾಂಗ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ, ಮರಿಗಳಿಗೆಂದೇ ಮೆತ್ತಗಿನದೂ ಇದೆ. ಅದರೊಳಗೆ ಮೊಸರು ಕಲಸಿದ ಕುಚ್ಚಲಕ್ಕಿ ಅನ್ನ, ಮುಳ್ಳು ಪೂರ್ತಿ ತೆಗೆದ ಬೇಯಿಸಿದ ಮೀನು, ಬಾಳೆಹಣ್ಣು, ಅಥವಾ ಅದರ ಮಾಮೂಲಿ ಆಹಾರವನ್ನೇ ನೆನೆಸಿ ತುಂಬಿ ಫ್ರೀಜರಿನಲ್ಲಿಡಿ. ಉಪ್ಪು, ಮಸಾಲೆ, ನೀರುಳ್ಳಿ, ಬೆಳ್ಳುಳ್ಳಿ ಒಂದೂ ಬೇಡ. ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಮೀನುಸಾರಿನ ಅನ್ನ ಇದಕ್ಕೆ ಆಗುವುದಿಲ್ಲ. ಹೆಪ್ಪುಗಟ್ಟಿದ್ದನ್ನು ಮರಿ ನೆಕ್ಕಿ, ಕಡಿದು, ಒದ್ದಾಡಿ ಖಾಲಿ ಮಾಡಲು ಬಹಳ ಹೊತ್ತು ಹಿಡಿಯುತ್ತದೆ. ಒಸಡಿಗೆ ತಂಪು, ಮನಸ್ಸಿಗೆ ಕೆಲಸ, ಕೊನೆಗೆ ನಿದ್ದೆ. ಇಷ್ಟನ್ನು ದಿನದ ಊಟದ ಲೆಕ್ಕದಿಂದಲೇ ಕಳೆಯಿರಿ, ಇಲ್ಲದಿದ್ದರೆ ಮರಿ ದಪ್ಪಗಾಗುತ್ತದೆ.

ಹಲ್ಲು ಬರುವ ತಿಂಗಳುಗಳಲ್ಲಿ ಇನ್ನೂ ಸುಲಭದ್ದೊಂದಿದೆ. ಒಂದು ಗಟ್ಟಿ ಟವೆಲನ್ನು ಒದ್ದೆ ಮಾಡಿ, ಹಗ್ಗದಂತೆ ಹುರಿಮಾಡಿ, ಫ್ರೀಜರಿನಲ್ಲಿ ಗಟ್ಟಿಯಾದ ಮೇಲೆ ಕೊಡಿ. ನೀವು ಪಕ್ಕದಲ್ಲಿರಿ, ಮೆತ್ತಗಾದ ಕೂಡಲೇ ತೆಗೆದಿಡಿ. ತಣ್ಣಗಿನ ದಪ್ಪ ಕ್ಯಾರೆಟ್ ಕೂಡ ಒಳ್ಳೆಯದು. ಗುಳುಕ್ಕನೆ ನುಂಗುವ ಸ್ವಭಾವದ ಮರಿಯಾದರೆ ಕ್ಯಾರೆಟ್ಟಿನ ಒಂದು ತುದಿಯನ್ನು ನಿಮ್ಮ ಕೈಯಲ್ಲೇ ಹಿಡಿದುಕೊಳ್ಳಿ.

ಯಾವ ವಸ್ತು ಕೊಡಬಹುದು ಎಂಬುದಕ್ಕೆ ಎರಡು ಪರೀಕ್ಷೆ ಸಾಕು. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು, ಮತ್ತು ಇಡಿಯಾಗಿ ಬಾಯೊಳಗೆ ಹೋಗದಷ್ಟು ದೊಡ್ಡದಿರಬೇಕು. ಉಗುರಿಗೆ ತಗ್ಗದ್ದು ಹಲ್ಲನ್ನು ಸೀಳುತ್ತದೆ. ಜಿಂಕೆಕೊಂಬು ಎಂದು ಮಾರುವ ತುಂಡು, ದನದ ದಪ್ಪ ಮೂಳೆ, ತೆಂಗಿನ ಗೆರಟೆ ಈ ಕಾರಣಕ್ಕೆ ಬೇಡ. ಗೆರಟೆ ಒಡೆದರೆ ಅಂಚು ಬ್ಲೇಡಿನಷ್ಟು ಚೂಪು. ಬೇಯಿಸಿದ ಕೋಳಿ ಮೂಳೆ ಸೀಳುಸೀಳಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಬಂಗುಡೆ ಮುಳ್ಳಿಗೂ ಅದೇ ಅಪಾಯ. ಊರಲ್ಲಿ ನಾಯಿಗಳು ಇದನ್ನೆಲ್ಲ ತಿಂದೇ ಬದುಕುತ್ತವೆ ಎನ್ನುವವರಿಗೆ, ತಿಂದು ಸತ್ತವುಗಳ ಲೆಕ್ಕ ಯಾರೂ ಇಟ್ಟಿಲ್ಲ ಎಂದಷ್ಟೇ ನನ್ನ ಉತ್ತರ.

ತೆಂಗಿನ ಸಿಪ್ಪೆ ಕರಾವಳಿಯ ಎಲ್ಲ ನಾಯಿಗಳ ಅಚ್ಚುಮೆಚ್ಚು. ಬೊಂಡ ಕುಡಿದು ಎಸೆದ ಸಿಪ್ಪೆಯನ್ನು ಎಳೆದು ತಂದು ನಾರುನಾರು ಮಾಡಿ ಅಂಗಳವಿಡೀ ಹರಡುತ್ತವೆ. ಹರಿದು ಉಗುಳುವ ನಾಯಿಗೆ ನಿಮ್ಮ ಕಣ್ಣೆದುರು ಹತ್ತು ನಿಮಿಷ ಕೊಡಬಹುದು. ನಾರು ನುಂಗುವ ನಾಯಿಗೆ ಖಂಡಿತ ಕೊಡಬೇಡಿ, ಹೊಟ್ಟೆಯಲ್ಲಿ ನಾರು ಉಂಡೆಗಟ್ಟುತ್ತದೆ. ಹಗ್ಗದ ಆಟಿಕೆಗೂ ಇದೇ ನಿಯಮ. ಹರಿದು ಆನಂದಪಡುವ ಮರಿಗೆ ಪಿನ್ನು, ಟೇಪು ಕಿತ್ತ ರಟ್ಟಿನ ಪೆಟ್ಟಿಗೆ ಕೊಡಿ. ಮನೆ ಗುಡಿಸಬೇಕಾಗುತ್ತದೆ, ಅಷ್ಟೇ.

ಇದ್ದ ಆಟಿಕೆಗಳನ್ನೆಲ್ಲ ಒಮ್ಮೆಗೇ ಹರಡಬೇಡಿ. ಮೂರ್ನಾಲ್ಕು ಮಾತ್ರ ಹೊರಗಿರಲಿ, ಉಳಿದದ್ದು ಡಬ್ಬದಲ್ಲಿ. ಎರಡು ದಿನಕ್ಕೊಮ್ಮೆ ಬದಲಿಸಿದರೆ ಹಳೆಯದೂ ಹೊಸದಾಗುತ್ತದೆ. ಮರಿ ತಾನಾಗಿ ತನ್ನ ಆಟಿಕೆಯನ್ನು ಕಚ್ಚಿ ಕುಳಿತಿರುವಾಗ ಹತ್ತಿರ ಹೋಗಿ ‘ಒಳ್ಳೇ ಮರಿ’ ಎಂದು ಮೆಲ್ಲಗೆ ಹೇಳಿ. ಸಾಮಾನ್ಯವಾಗಿ ನಾವು ಮರಿಯನ್ನು ಗಮನಿಸುವುದೇ ಅದು ತಪ್ಪು ಮಾಡಿದಾಗ.

ತಪ್ಪಿದ್ದಕ್ಕೆ ಬಾಯಿ ಹಾಕಿದಾಗ

ಕಿರುಚಿಕೊಂಡು ಹಿಂದೆ ಓಡಿದರೆ ಮರಿಗೆ ಅದು ಹಿಡಿಯಾಟ. ನಾಳೆ ನಿಮ್ಮನ್ನು ಆಟಕ್ಕೆ ಕರೆಯಲೆಂದೇ ಕಾಲ್ಚೀಲ ಕದಿಯುತ್ತದೆ. ಬಾಯಿ ಬಿಡಿಸಿ ಕಿತ್ತುಕೊಂಡರೆ ಇನ್ನೊಂದು ಪಾಠ ಕಲಿಯುತ್ತದೆ, ಸಿಕ್ಕಿದ್ದನ್ನು ಬೇಗ ನುಂಗಬೇಕು, ಇಲ್ಲವೇ ಗುರುಗುಟ್ಟಬೇಕು ಎಂದು. ಎರಡೂ ಬೇಡವಾದರೆ ಅದಲುಬದಲು ಕಲಿಸಿ.

ಶಾಂತವಾದ ಹೊತ್ತಿನಲ್ಲಿ ಮರಿ ತನ್ನದೇ ಆಟಿಕೆ ಕಡಿಯುತ್ತಿರುವಾಗ ಅದರ ಮೂಗಿನ ಹತ್ತಿರ ಬೇಯಿಸಿದ ಕೋಳಿಯ ಸಣ್ಣ ಚೂರು ಹಿಡಿಯಿರಿ. ಬಾಯಿ ಸಡಿಲವಾದ ಗಳಿಗೆಯಲ್ಲಿ ‘ಬಿಡು’ ಎನ್ನಿ, ಚೂರು ಕೊಡಿ, ಆಟಿಕೆಯನ್ನು ಒಮ್ಮೆ ಎತ್ತಿ ಅದಕ್ಕೇ ಮರಳಿಸಿ. ಮರಳಿಸುವುದೇ ಮುಖ್ಯ. ಬಿಟ್ಟುಕೊಟ್ಟರೆ ನಷ್ಟವಿಲ್ಲ, ಲಾಭವೇ ಹೆಚ್ಚು ಎಂಬುದು ಅದಕ್ಕೆ ಮನದಟ್ಟಾಗಬೇಕು. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡುತ್ತಾ, ಚೂರು ತೋರಿಸುವ ಮೊದಲೇ ‘ಬಿಡು’ ಎನ್ನುವ ಹಂತಕ್ಕೆ ಬನ್ನಿ. ಆಮೇಲೆ ಚಪ್ಪಲಿ ಹಿಡಿದಾಗಲೂ ಅದೇ ಮಾತು ನಡೆಯುತ್ತದೆ. ಚಪ್ಪಲಿ ತೆಗೆದ ಕೂಡಲೇ ಕಡಿಯಬಹುದಾದ ವಸ್ತುವನ್ನು ಕೊಡಿ. ಮನೆಯಲ್ಲಿ ಒಬ್ಬರು ‘ಬಿಡು’, ಇನ್ನೊಬ್ಬರು ‘ಕೊಡು’, ಮಕ್ಕಳು ‘ಡ್ರಾಪ್’ ಎಂದರೆ ಮರಿಗೆ ಗೊಂದಲ. ತುಳುವೋ ಕೊಂಕಣಿಯೋ ಕನ್ನಡವೋ, ಎಲ್ಲರೂ ಒಂದೇ ಪದ ಬಳಸಿ. ಕೆಲಸಕ್ಕೆ ಬರುವ ಅಕ್ಕನಿಗೂ ಅದನ್ನು ಹೇಳಿಕೊಡಿ.

ಕಡಿದು ಗಂಟೆಗಳಾದ ಮೇಲೆ ಕುಶನ್ನಿನ ಹತ್ತಿ ತೋರಿಸಿ ಬಯ್ಯುವುದರಿಂದ ಏನೂ ಆಗುವುದಿಲ್ಲ. ‘ಮುಖ ನೋಡಿ, ತಪ್ಪು ಮಾಡಿದ್ದು ಅದಕ್ಕೆ ಗೊತ್ತು’ ಎಂದು ಎಲ್ಲರೂ ಹೇಳುತ್ತಾರೆ. ನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಿನ್ನಬಾರದೆಂದ ತಿಂಡಿಯನ್ನು ನಾಯಿ ತಿಂದಿತೋ ಬಿಟ್ಟಿತೋ ಎಂಬುದಕ್ಕೂ ಆ ತಪ್ಪಿತಸ್ಥ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಬಯ್ದಾಗ ಆ ಮುಖ ಹೆಚ್ಚು ಕಂಡಿತು, ತಿನ್ನದ ನಾಯಿಗಳಲ್ಲೂ ಕಂಡಿತು. ಕಿವಿ ಹಿಂದೆ ಹಾಕಿ, ಬಾಲ ಮುದುಡಿ ಕೂತದ್ದು ನಿಮ್ಮ ಸಿಟ್ಟಿಗೆ ಹೆದರಿ. ಹತ್ತಿ ಗುಡಿಸಿ, ಮುಂದಿನ ಸಲ ಕುಶನ್ ಎಲ್ಲಿಡಬೇಕು ಎಂದು ಯೋಚಿಸಿ.

ಕಹಿ ಸ್ಪ್ರೇ ಅಂಗಡಿಯಲ್ಲಿ ಸಿಗುತ್ತದೆ, ಮೇಜಿನ ಕಾಲಿನಂಥ ಒಂದೆರಡು ಜಾಗಕ್ಕೆ ಹಾಕಿ ನೋಡಬಹುದು. ಕೆಲವು ನಾಯಿ ಹಿಂಜರಿಯುತ್ತವೆ, ಕೆಲವು ಅದನ್ನೂ ನೆಕ್ಕುತ್ತವೆ. ಮೆಣಸಿನ ಪುಡಿ ಕಣ್ಣಿಗೆ ಹೋಗುತ್ತದೆ, ಫಿನಾಯಿಲ್ ವಿಷ. ಅವನ್ನು ಮುಟ್ಟಬೇಡಿ.

ಮಳೆಗಾಲದ ನಾಲ್ಕು ತಿಂಗಳು

ಮಂಗಳೂರಿನ ವರ್ಷದ ಮಳೆ 3,500 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಏಪ್ರಿಲ್‌ನಲ್ಲಿ ತಂದ ಮರಿಗೆ ಸರಿಯಾಗಿ ಹಲ್ಲು ಬೀಳುವ ಹೊತ್ತಿಗೆ ಜುಲೈ-ಆಗಸ್ಟಿನ ಆಟಿ ತಿಂಗಳು ಬಂದಿರುತ್ತದೆ. ಹೊರಗೆ ಬಿಡುವಂತಿಲ್ಲ, ಒಳಗೆ ಬಟ್ಟೆ ಒಣಗುವುದಿಲ್ಲ, ಮನೆಯವರಿಗೂ ಸಾಕುಸಾಕಾಗಿರುತ್ತದೆ. ಸೋಫಾ ಹರಿಯಲು ಇದಕ್ಕಿಂತ ತಕ್ಕ ಕಾಲವಿಲ್ಲ. ಮೇ ತಿಂಗಳಲ್ಲೇ ಯೋಜನೆ ಮಾಡಿ.

ಮರಿಯನ್ನು ದಣಿಸಲು ಓಟ ಒಂದೇ ದಾರಿಯಲ್ಲ, ಮೂಗಿನ ಕೆಲಸವೂ ಅಷ್ಟೇ ದಣಿಸುತ್ತದೆ. ಬೆಳಗಿನ ಊಟವನ್ನು ತಟ್ಟೆಗೆ ಹಾಕುವ ಬದಲು ಹಳೆಯ ಬೆಡ್‌ಶೀಟಿನ ಮಡಿಕೆಗಳಲ್ಲಿ ಬಚ್ಚಿಡಿ. ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿಟ್ಟು ಒಂದರಲ್ಲಿ ಮಾತ್ರ ತಿಂಡಿ ಇಡಿ. ಮಕ್ಕಳು ಬಾಗಿಲ ಹಿಂದೆ ಅಡಗಿ ಹೆಸರು ಕೂಗಲಿ, ಮರಿ ಹುಡುಕಲಿ. ಕೂರು, ಮಲಗು, ಬಿಡು ಎಂಬ ಪಾಠವನ್ನು ಐದೈದು ನಿಮಿಷದಂತೆ ದಿನಕ್ಕೆ ಮೂರು ಸಲ ಮಾಡಿಸಿ. ಮಳೆ ಬಿಟ್ಟ ಹದಿನೈದು ನಿಮಿಷದಲ್ಲಿ ಹೊರಗೆ ಕರೆದೊಯ್ದರೆ ಎಳೆಯದೆ, ಮರಿ ಮೂಸುವಷ್ಟು ಹೊತ್ತು ನಿಂತುಕೊಳ್ಳಿ. ಬಂದ ಮೇಲೆ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಚಂಡಿ ಪಾದದಲ್ಲಿ ಫಂಗಸ್ ಬೇಗ ಹಿಡಿಯುತ್ತದೆ. ನಿಂತ ನೀರು ಕುಡಿಯಲು ಬಿಡಬೇಡಿ. ಇಲಿಜ್ವರ ನಾಯಿಗೂ ಬರುತ್ತದೆ, ಅದಕ್ಕೆ ಲಸಿಕೆ ಇದೆ. ನಾಲ್ಕು ತಿಂಗಳ ಹೊತ್ತಿಗೆ ಪಾರ್ವೊ (ಮರಿಗಳಿಗೆ ಬರುವ ವಾಂತಿ-ಭೇದಿಯ ರೋಗ) ಮುಂತಾದವುಗಳ ಲಸಿಕೆಗಳ ಸರಣಿ ಮುಗಿಯುವವರೆಗೆ ಬೀದಿಯ ನೆಲದ ಮೇಲೆ ಬಿಡದೆ, ಎತ್ತಿಕೊಂಡೇ ಹೊರಗಿನ ಲೋಕ ತೋರಿಸಿ.

ಬೇಸಿಗೆಯಲ್ಲಿ ತೊಂದರೆ ಬೇರೆ. ತೇವದ ಸೆಕೆಯಲ್ಲಿ ಏದುಸಿರು ಬಿಟ್ಟರೂ ನಾಯಿಯ ಮೈ ಬೇಗ ತಣಿಯುವುದಿಲ್ಲ, ಹಾಗಾಗಿ ವಾಕಿಂಗ್ ಬೆಳಗ್ಗೆ ಏಳರ ಒಳಗೆ ಮುಗಿಯಲಿ. ಪಣಂಬೂರು, ಮಲ್ಪೆಯಂಥ ಕಡಲತೀರಕ್ಕೆ ಒಯ್ದರೆ ಹಗ್ಗ ಬಿಚ್ಚಬೇಡಿ. ಬಲೆಯ ಚೂರು, ಗಾಳ, ದಡಕ್ಕೆ ಬಿದ್ದ ಸತ್ತ ಮೀನು ಎಲ್ಲಕ್ಕೂ ಬಾಯಿ ಹಾಕುತ್ತದೆ. ಹೊಟ್ಟೆ ಊದಿಸಿಕೊಳ್ಳುವ ಜಾತಿಯ ಮೀನಿನಲ್ಲಿ ಪ್ರಾಣ ತೆಗೆಯುವ ವಿಷ ಇದೆ. ಕುಡಿಯಲು ಸಿಹಿನೀರು ಜೊತೆಗಿರಲಿ.

ಬರೀ ಕಡಿತವಲ್ಲದಿದ್ದರೆ

ನೀವು ಮನೆಯಲ್ಲಿದ್ದಾಗ ತೆಪ್ಪಗಿರುವ ನಾಯಿ, ನೀವು ಹೊರಟ ಕೂಡಲೇ ಬಾಗಿಲ ಚೌಕಟ್ಟು, ಕಿಟಕಿಯ ಅಂಚನ್ನೇ ಕಡಿಯುತ್ತದೆ, ಊಳಿಡುತ್ತದೆ, ಜೊಲ್ಲು ಸುರಿಸುತ್ತದೆ ಎಂದಾದರೆ ಅದು ಒಂಟಿತನದ ಭಯ. ಅಂಥದ್ದಕ್ಕೆ ಆಟಿಕೆ ಸಾಲದು. ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟು ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ ಅರ್ಧ ನಿಮಿಷ ಹೊರಹೋಗಿ ಬರುವುದರಿಂದ ಶುರುಮಾಡಿ, ನಾಯಿ ಹೆದರುವ ಮೊದಲೇ ಮರಳುತ್ತಾ, ಹೊತ್ತನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ವಾರಗಳು ಹಿಡಿಯುತ್ತವೆ. ಜೋರಾಗಿದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡಬಲ್ಲರು. ಮಣ್ಣು, ಗೋಡೆಯ ಸುಣ್ಣ, ಕಲ್ಲು ತಿನ್ನುವ ಮರಿಗೆ ಜಂತುಹುಳು, ರಕ್ತಹೀನತೆ ಇರಬಹುದು. ಬರೀ ಗಂಜಿ-ಮೀನಿನಲ್ಲಿ ಬೆಳೆಯುವ ಮರಿಗಳಲ್ಲಿ ಪೋಷಕಾಂಶದ ಕೊರತೆಯನ್ನೂ ನೋಡಿಸಬೇಕು.

ನುಂಗಿಬಿಟ್ಟರೆ

ಪದೇ ಪದೇ ವಾಂತಿ, ಊಟ ಬೇಡವೆನ್ನುವುದು, ಹೊಟ್ಟೆ ಮುಟ್ಟಿದರೆ ಬೆನ್ನು ಬಾಗಿಸುವುದು, ಮಲ ಬಾರದಿರುವುದು ಕಂಡರೆ ಕರುಳು ಕಟ್ಟಿರಬಹುದು. ನಾಳೆ ನೋಡೋಣ ಎನ್ನಬೇಡಿ. ಗುದದಲ್ಲಿ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಒಳಗೆ ಕರುಳನ್ನೇ ಕೊಯ್ಯುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಅಪಾಯಕಾರಿ, ಉಪ್ಪೇ ವಿಷವಾಗುತ್ತದೆ. ವಯರು ಕಚ್ಚಿ ಬಿದ್ದಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮುಟ್ಟಿ. ಎದ್ದು ಓಡಾಡಿದರೂ ಅದೇ ದಿನ ಡಾಕ್ಟರಿಗೆ ತೋರಿಸಿ, ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರ.

ರಾತ್ರಿ ಫೋನ್ ಎತ್ತುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಎಂಬುದನ್ನು ಮರಿ ತಂದ ವಾರದಲ್ಲೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿ. ಹೊರಡುವಾಗ ಮಾತ್ರೆಯ ಖಾಲಿ ಪಟ್ಟಿ, ಇಲಿಪಾಷಾಣದ ಪೊಟ್ಟಣ, ಕಡಿದ ಗಿಡದ ಕೊಂಬೆ, ಉಳಿದ ಆಟಿಕೆಯ ತುಂಡು, ಏನಿದೆಯೋ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಎಷ್ಟು ಗಂಟೆಗೆ ತಿಂದದ್ದು ಮತ್ತು ಮರಿಯ ತೂಕ ಎಷ್ಟು ಎಂದು ಅವರು ಮೊದಲು ಕೇಳುತ್ತಾರೆ.